ಕೆಂಪು ಗುರುತು, ಬಿಳಿ ಸುಣ್ಣ

ನಾಬುಲ್ ಪುರಸಭೆಯ ಮರಗಳ ಅಧಿಕಾರಿ ಶಾದ್ಲಿ, ಊರವರ ಗೌರವದ ಮಾತಿನಲ್ಲಿ ಸಿ ಶಾದ್ಲಿ, ಯಾರಿಗೂ ಇಲ್ಲ ಎಂದವರಲ್ಲ. ಬೇಕರಿಯ ಹಮ್ಮಾದಿ ಬಂದು, "ಸಿ ಶಾದ್ಲಿ, ಈ ಕಿತ್ತಳೆ ಮರ ನನ್ನ ಬೋರ್ಡನ್ನೇ ನುಂಗಿಬಿಟ್ಟಿದೆ, ಕಡಿಸಿಕೊಡಿ" ಎಂದರೆ, "ಅದಕ್ಕೇನಂತೆ" ಎಂದು ಬಣ್ಣದ ಡಬ್ಬಿ ಹಿಡಿದು ಹೊರಟೇಬಿಡುತ್ತಾರೆ. ಬುಡದಲ್ಲಿ ಕೆಂಪು ಗುರುತಿದ್ದ ಮರವನ್ನಷ್ಟೇ ಕಡಿಯಬೇಕೆಂಬುದು ಪುರಸಭೆಯ ನಿಯಮ. ಹುಳ ಹತ್ತದಿರಲೆಂದು ವರ್ಷವರ್ಷವೂ ಬೀದಿಮರಗಳ ಬುಡಕ್ಕೆಲ್ಲ ಸುಣ್ಣ ಬಳಿಯುವುದು ಊರಿನ ಪದ್ಧತಿ. ಸುಣ್ಣದವರು ಯಾವ ಬೀದಿಗೆ ನಾಳೆ ಬರುತ್ತಾರೋ, ಆ ಬೀದಿಗೆ ಸಿ ಶಾದ್ಲಿಯವರ ಕೆಂಪು ಬಣ್ಣ ಇವತ್ತು ಬರುತ್ತದೆ. ಆಮೇಲೆ ಕೊಡಲಿಯವರು ಬಂದು ನೋಡಿದರೆ ಬೀದಿಯೆಲ್ಲ ಬೆಳ್ಳಗೆ. "ಮರದ ಕಣ್ಣಿಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣ, ಅಲ್ವಾ?" ಎಂದು ಹಮ್ಮಾದಿ ಗೊಣಗುತ್ತಾನೆ. "ನಾನು ಗುರುತು ಹಾಕಿದ್ದನ್ನ ನೀನೇ ನೋಡಿದ್ಯಲ್ಲಪ್ಪಾ. ಇನ್ನು ಹೂ ಬಿಡೋ ಕಾಲ. ಈಗ ಕಡಿದ್ರೆ ನಿನ್ನ ಹೆಂಡ್ತಿ ತಿಂಡಿಗೆ ಘಮ ಕೊಡೋ ಹೂನೀರು ಯಾತರಿಂದ ಭಟ್ಟಿ ಇಳಿಸ್ತಾಳೆ?" ಹೂನೀರಿಲ್ಲದ ತಿಂಡಿ ಮಾರಿ ಗೊತ್ತಿಲ್ಲದ ಹಮ್ಮಾದಿ ಅಂಗಡಿಗೆ ಮರಳುತ್ತಾನೆ. ಈ ವರ್ಷ ಮಾತ್ರ ಸಿ ಶಾದ್ಲಿಯವರ ಮನೆಯೆದುರು ಅವರ ತಾಯಿ ನೆಟ್ಟಿದ್ದ ಮರವೇ ಟೊಳ್ಳಾಗಿ, ಶಾಲೆಮಕ್ಕಳು ಓಡಾಡುವ ದಾರಿಯತ್ತ ವಾಲಿತು. ಸುಣ್ಣ ಬಳಿದು ಒಣಗುವವರೆಗೆ ಕಾದು, ಅದರ ಮೇಲೆ ಅವರೇ ಕೆಂಪು ಗುರುತು ಹಾಕಿದರು. ಮರ ಉರುಳಿದ ಸಂಜೆ ಹಮ್ಮಾದಿ ತನ್ನಂಗಡಿ ಮುಂದಿನ ಮರದ ಹೂವನ್ನು ಬುಟ್ಟಿ ತುಂಬ ತಂದು, "ಈ ಸಲ ನಿಮ್ಮನೆ ಹೂನೀರಿಗೆ ಇದಿರಲಿ" ಎಂದ. "ಮತ್ತೆ ನಿನ್ನ ಬೋರ್ಡು?" "ಅದ್ಯಾರಿಗೆ ಬೇಕು ಬಿಡಿ, ಜನ ವಾಸನೆ ಹಿಡ್ಕೊಂಡೇ ಬರ್ತಾರೆ."