ಮರಿಯಪ್ಪನವರು ಕೋಡಿ ಕಡಿಸಿದ ದಿನ

ದಾವಣಗೆರೆಯಿಂದ ರಾಜಾಜಿನಗರದ ಅಕ್ಕನ ಮನೆಗೆ ಬಂದಾಗಿನಿಂದ ಮಳೆ ಬಿಟ್ಟಿರಲಿಲ್ಲ. ದೀಪಾವಳಿಗೆಂದು ಬಂದವಳು ಒಂದು ಪಟಾಕಿಯನ್ನೂ ಹಚ್ಚಿರಲಿಲ್ಲ. ಕಡೆಗೊಂದು ಬೆಳಿಗ್ಗೆ ಬಿಸಿಲು ಕಂಡಿತು. ತಾಲ್ಲೂಕು ಬೋರ್ಡಿನಲ್ಲಿ ಓವರ್‌ಸಿಯರ್ ಆಗಿದ್ದ ಭಾವ ಕೆಂಗೇರಿಯಾಚೆಯ ಕೆರೆಯೊಂದನ್ನು ನೋಡಲು ಹೊರಟಿದ್ದರು. “ಬರ್ತೀಯಾ ಗಿರಿಜಾ? ನಮ್ಮ ಅಧ್ಯಕ್ಷರನ್ನ ನೋಡಿದ ಹಾಗೂ ಆಗುತ್ತೆ” ಎಂದರು. ಅಕ್ಕ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು.

ಮಾರ್ಕೆಟ್ಟಿನಲ್ಲಿ ಕೆಂಗೇರಿ ಬಸ್ಸು ಹತ್ತಿದೆವು. ಮೈಸೂರು ರಸ್ತೆಯುದ್ದಕ್ಕೂ ಹೊಂಡಗಳಲ್ಲಿ ಕೆಂಪು ನೀರು. ಅಧ್ಯಕ್ಷ ಮರಿಯಪ್ಪನವರ ಕಥೆಯನ್ನು ಭಾವ ಬಸ್ಸಿನಲ್ಲೇ ಹೇಳಿದರು. ಬಟ್ಟೆ ಗಿರಣಿಯಲ್ಲಿ ಕೂಲಿಯಾಗಿದ್ದವರು, ಅಣ್ಣ ತೀರಿಹೋದ ಮೇಲೆ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. ಪಂಚಾಯಿತಿಗೆ ಮೊದಲ ಸಲ ನಿಂತಾಗ ಸೋತರು. ಮಾರನೆಯ ಬೆಳಿಗ್ಗೆಯೇ ಗೆದ್ದವರ ಮನೆಗೆ ಹೋಗಿ, “ಊರ ಬಾವೀಲಿ ಹೂಳು ತುಂಬಿದೆ, ತೆಗೆಸೋಣ ಬನ್ನಿ” ಎಂದು ಕರೆದರಂತೆ. ಮುಂದಿನ ಸಲ ಗೆದ್ದರು, ಛೇರ್ಮನ್ನರಾದರು, ಈಗ ತಾಲ್ಲೂಕು ಬೋರ್ಡಿನ ಅಧ್ಯಕ್ಷರು. ಜಮೀನಿಲ್ಲದವರಿಗೆಂದು ಓಡಾಡಿ ಹೆಂಚಿನ ಮನೆಗಳನ್ನು ಕಟ್ಟಿಸಿದ್ದರು. ಸರ್ಕಾರಿ ಜಾಗ ಸಿಕ್ಕಿದ್ದು ಕೆರೆ ಏರಿಯ ಕೆಳಗೆ ಮಾತ್ರ.

ಕೆಂಗೇರಿಯಲ್ಲಿ ಕಾಫಿ ಕುಡಿದು ಎರಡು ಮೈಲಿ ಕೆಸರಿನಲ್ಲಿ ನಡೆದೆವು. ನನ್ನ ಚಪ್ಪಲಿ ಕಿತ್ತುಹೋಗಿ ಕೈಗೆ ಬಂತು. ಏರಿಯ ಮೇಲೆ ಊರೇ ನೆರೆದಿತ್ತು. ಕೆಳಗಿನ ಮನೆಗಳವರನ್ನೆಲ್ಲ ಶಾಲೆಗೆ ಸಾಗಿಸಿಯಾಗಿತ್ತು. ಪಂಚೆ ಎತ್ತಿಕಟ್ಟಿ, ತಲೆಗೆ ಟವೆಲ್ ಸುತ್ತಿ ಮಣ್ಣಿನ ಮೂಟೆ ಹೊರುತ್ತಿದ್ದ ಸಣಕಲು ಮನುಷ್ಯರೊಬ್ಬರನ್ನು ತೋರಿಸಿ ಭಾವ, “ಅವರೇ” ಎಂದರು.

ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಕೆರೆಯ ಹೆಚ್ಚಿನ ನೀರು ಹೊರಹರಿಯುವ ಕೋಡಿಗೆ ಅಷ್ಟು ನೀರನ್ನು ಹೊರಬಿಡುವಷ್ಟು ಅಗಲ ಇರಲಿಲ್ಲ. ಭಾವ ಬಗ್ಗಿ ನೋಡಿ ಎದ್ದರು.

“ಕೋಡಿ ಪಕ್ಕ ಕಡೀಲೇಬೇಕು ಸಾರ್. ಇಲ್ಲಾಂದ್ರೆ ಸಂಜೆತನಕ ಏರಿ ನಿಲ್ಲಲ್ಲ.”

ಕೋಡಿಯ ಕೆಳಗಿದ್ದದ್ದು ಮರಿಯಪ್ಪನವರ ವಿಧವೆ ಅತ್ತಿಗೆ ಕೆಂಪಮ್ಮನ ಗದ್ದೆ. ಬತ್ತ ಕೊಯ್ಲಿಗೆ ಬಂದಿತ್ತು.

“ನೀವು ಹೂಂ ಅನ್ನಿ ಅಧ್ಯಕ್ಷರೇ, ಕಡಿದುಬಿಡ್ತೀವಿ” ಎಂದು ಯಾರೋ ಗುದ್ದಲಿ ಎತ್ತಿದರು.

“ನನ್ನ ಗದ್ದೆ ಆಗಿದ್ರೆ ಇಷ್ಟೊತ್ತಿಗೆ ಕಡಿದಿರ್ತಿದ್ದೆ” ಎಂದು ಮರಿಯಪ್ಪನವರು ಇಳಿದು ನಡೆದರು. ಭಾವನ ಹಿಂದೆ ನಾನೂ ಹೋದೆ. ಕೆಂಪಮ್ಮ ಬದುವಿನ ಮೇಲೆ ನಿಂತಿದ್ದಳು.

“ಅತ್ತಿಗಮ್ಮ, ಕೋಡಿ ಪಕ್ಕ ಕಡೀಬೇಕು. ಗದ್ದೆ ಹೋಯ್ತದೆ.”

“ಕಡೀದಿದ್ರೆ?”

“ಆ ಮನೆಗಳು ಹೋಯ್ತವೆ.”

“ಓಟು ಹಾಕೋರ ಮನೆ ಅಲ್ವಾ!” ಅವಳ ದನಿ ಒರಟಾಗಿತ್ತು.

“ಹಾಕ್ದೋರೂ ಅವ್ರೆ, ಹಾಕ್ದೇ ಇರೋರೂ ಅವ್ರೆ” ಎಂದು ಅವರು ತಲೆ ತಗ್ಗಿಸಿದರು. “ನನ್ನ ಗದ್ದೇಲಿ ಈ ವರ್ಷ ಬೆಳೆದದ್ದೆಲ್ಲ ನಿಂದು. ಆದ್ರೆ ನೀನು ಬೇಡ ಅಂದ್ರೆ ಗುದ್ದಲಿ ಮುಟ್ಟಲ್ಲ.”

ಕೆಂಪಮ್ಮ ಗದ್ದೆಯನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿ, ಸೊಂಟದ ಕುಡುಗೋಲು ತೆಗೆದು ಪೈರಿನೊಳಗೆ ಇಳಿದಳು. ತೋಳು ತುಂಬುವಷ್ಟು ತೆನೆ ಕೊಯ್ದು ಬದುವಿಗೆ ಬಂದಳು.

“ಬಿತ್ತನೆಗೆ ಇಷ್ಟಿರ್ಲಿ. ಕಡೀರಿ ಈಗ.”

ಮೊದಲ ಗುದ್ದಲಿ ಹಾಕಿದ್ದು ಮರಿಯಪ್ಪನವರೇ. ಮಣ್ಣು ಒಮ್ಮೆಲೇ ಕುಸಿದು ನೀರು ಭೋರಿಟ್ಟು ನುಗ್ಗಿತು. ಹೊಂಬಣ್ಣದ ಬತ್ತ ಒಟ್ಟಿಗೆ ಬಾಗಿ ಮುಳುಗಿತು. ನಮ್ಮೂರಿನಲ್ಲಿ ಓಟು ಕೇಳಲು ಜೀಪಿನಲ್ಲಿ ಬಂದು ಕೈಮುಗಿದವರನ್ನು ಬಹಳ ನೋಡಿದ್ದೆ. ಗೆದ್ದಾದ ಮೇಲೂ ಒಬ್ಬ ಹೆಂಗಸಿನೆದುರು ಹೀಗೆ ನಿಂತು ಕೇಳಿದವರನ್ನು ಅಂದೇ ನೋಡಿದ್ದು.

ಮಧ್ಯಾಹ್ನದ ಹೊತ್ತಿಗೆ ಕೆರೆ ಇಳಿಯಿತು. ಜಿನುಗು ನಿಂತಿತು. ಭಾವ ಬುಡವನ್ನು ಮತ್ತೆ ಮತ್ತೆ ಮುಟ್ಟಿ ನೋಡಿ, “ಉಳೀತು ಸಾರ್” ಎಂದರು. ಶಾಲೆಯಿಂದ ಜನ ಇಳಿದು ಬಂದರು. ಮನೆಗಳತ್ತ ಹೋಗುವ ಬದಲು ಕುಡುಗೋಲು ಹಿಡಿದು ಗದ್ದೆಯ ಅಂಚಿಗೆ ನಡೆದರು. ಅಲ್ಲಿ ಒಂದಷ್ಟು ತೆನೆ ಇನ್ನೂ ನೀರಿನ ಮೇಲಿತ್ತು.

ನಾವು ಹೊರಟಾಗ ಏರಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಮೊಣಕಾಲುಮಟ್ಟ ನೀರಿನಲ್ಲಿ ಸಾಲಾಗಿ ನಿಂತು ಅವರು ಕೊಯ್ಯುತ್ತಿದ್ದರು. ಕೆಂಪಮ್ಮ ಎಲ್ಲರನ್ನೂ ಬೈದು ಬೈದು ಕೆಲಸ ಹೇಳುತ್ತಿದ್ದಳು. ತಾಲ್ಲೂಕಿನ ಅಧ್ಯಕ್ಷರು ತಲೆಯ ಮೇಲೆ ಒದ್ದೆ ಹೊರೆ ಹೊತ್ತು, ಅವಳು ಬೆರಳು ತೋರಿದ ಕಡೆಗೆ ನಡೆಯುತ್ತಿದ್ದರು.