ಗೌಸಬಿ ಕಟ್ಟಿದ ಗುಳಿಗೆ

ಎಲ್ಲಿಯವರೆಗೆ ಬರೆದೆ ಮಗಾ? ಗೌಸಬಿಯ ರೊಟ್ಟಿಯ ಮಾತು ಇರಲಿ ಬಿಡು, ಈಗ ಆ ಗುಳಿಗೆಯ ಮಾತು ಬರೆ.

ನನ್ನ ಗೆಳತಿ ಗೌಸಬಿಯ ಗಂಡ ಇಬ್ರಾಹಿಂಸಾಬ ಸಾಲೋಟಗಿಯಲ್ಲಿ ಅರಳೆ ಹಿಂಜುವವನು. ನನ್ನ ಮದುವೆಯ ಗಾದಿಯೂ ಅವನ ಕೈಯದೇ, ಎಂಥ ಹೂವಿನಂಥ ಗಾದಿ! ಐವತ್ತೆಂಟನೇ ಇಸವಿಯಲ್ಲಿ ಬಂಡಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಯಾರೋ ಚಡಚಣದಿಂದ ಅಫೀಮು ತಂದುಕೊಟ್ಟರು. ಜೋಳದ ಕಾಳಿನಷ್ಟು ನುಂಗಿದರೆ ನೋವು ಮಾಯ. ಸೊಂಟವೇನೋ ಕೂಡಿಕೊಂಡಿತು, ಅಫೀಮು ಬಿಡಲಿಲ್ಲ. ಜೋಳದ ಕಾಳು ಹೋಗಿ ಕಡಲೆಯಷ್ಟಾಯಿತು. ಹೊಟ್ಟೆ ಕಟ್ಟುವುದು, ಮೈ ತುರಿಸುವುದು, ಕುಳಿತಲ್ಲೇ ತೂಕಡಿಕೆ. ಒಂದು ಹೊತ್ತು ತಪ್ಪಿದರೆ ಮೂಗು ಸೋರಿ ಮೈ ನಡುಗುತ್ತಿತ್ತು.

"ಇದೊಂದ ಸಲ ಕೊಡ ಗೌಸು, ನಾಳಿಂದ ಬಿಡ್ತೇನಿ."

"ನಿಮ್ಮ ನಾಳಿ ಬರೂದ್ರಾಗ ನನ್ನ ಹಲ್ಲ ಉದುರ್ತಾವ್ರಿ!"

ಹಾಗೆಂದವಳು ಒಂದು ಉಪಾಯ ಹೂಡಿದಳು. ತಾನೇ ಕಟ್ಟಿಕೊಡುವ ಗುಳಿಗೆಯ ಗಾತ್ರ ಮೊದಲಿನಷ್ಟೇ. ಒಳಗೆ ದಿನದಿನಕ್ಕೆ ಅಫೀಮು ಕಡಿಮೆ, ಕಪ್ಪಗೆ ಹುರಿದ ಹಿಟ್ಟು ಹೆಚ್ಚು, ಕಹಿಗೆ ಬೇವಿನ ರಸ. ಗಂಡನ ಕಿವಿಗೆ ಬಿದ್ದೀತೆಂದು ನಾದಿನಿ ಹಜರಾಬಿಗೂ ಹೇಳಲಿಲ್ಲ. ನಾಲ್ಕು ತಿಂಗಳಿಗೆ ಅವನು ಹಿಂಜುವ ಬಿಲ್ಲು ಕೈಗೆತ್ತಿಕೊಂಡ. ಅದರ ಸಪ್ಪಳ ಕೇಳಿ ಗೌಸಬಿ ರೊಟ್ಟಿ ಬಡಿಯುತ್ತಲೇ ಅತ್ತಳು.

ಅಷ್ಟರಲ್ಲಿ ಸಿಂದಗಿಯಲ್ಲಿ ಅವಳ ತಾಯಿ ತೀರಿಕೊಂಡಳು. ಗೌಸಬಿ ಐದು ದಿನಕ್ಕೆ ಐದು ಗುಳಿಗೆ ಕಟ್ಟಿ ಹಜರಾಬಿಯ ಕೈಗೆ ಕೊಟ್ಟು ಹೋದಳು, ಬರುವುದು ತಡವಾಯಿತು. ಗುಳಿಗೆ ತಪ್ಪಿದರೆ ಅಣ್ಣ ಪಡುವ ಒದ್ದಾಟ ಹಜರಾಬಿಗೆ ಗೊತ್ತಿತ್ತಲ್ಲ. ಕೊನೆಯ ಗುಳಿಗೆ ಕೊಡುವ ಮೊದಲೇ ಗಡಿಗೆಯಲ್ಲಿದ್ದ ಅಸಲಿ ಅಫೀಮು ತೆಗೆದು, ಅದೇ ಅಳತೆಗೆ ಇನ್ನೊಂದು ಕಟ್ಟಿಟ್ಟಳು. ಮರುದಿನ ಮಧ್ಯಾಹ್ನ ಅದನ್ನು ನುಂಗಿದವನು ಗೊರಕೆ ಹೊಡೆಯತೊಡಗಿದ. ಒಳ್ಳೆಯ ನಿದ್ದೆ ಬಂತೆಂದು ತಂಗಿ ಕೌದಿ ಹೊದಿಸಿದಳು. ಹೊತ್ತು ಇಳಿಯುವಾಗ ಉಸಿರಿರಲಿಲ್ಲ.

ಗೌಸಬಿ ಓಡಿಬಂದಾಗ ಹಜರಾಬಿ ಎದೆ ಬಡಿದುಕೊಂಡಳು. "ನಿನ್ನ ಗುಳಿಗಿ ಅಳತೀಗೇ ಕಟ್ಟಿ ಕೊಟ್ಟೇನಿ ಭಾಬಿ! ಸಾಸಿವಿ ಕಾಳಿನಷ್ಟೂ ಹೆಚ್ಚ ಮಾಡಿಲ್ಲ!"

ಗೌಸಬಿಗೆ ಎಲ್ಲ ತಿಳಿಯಿತು. ನಾಲ್ಕು ತಿಂಗಳಲ್ಲಿ ಗಂಡನ ಮೈ ಆ ವಿಷವನ್ನು ತಡೆಯುವುದನ್ನೇ ಮರೆತಿತ್ತು.

"ಅಳತಿ ಸರಿ ಐತಿ ಹಜರಾ. ನಿಂದೇನೂ ತಪ್ಪಿಲ್ಲ," ಎಂದಳು.

ಹಿಟ್ಟಿನ ಗುಟ್ಟು ಹಜರಾಬಿಗೆ ಹೇಳಿ ಹೋಗಬೇಕಿತ್ತು ಎಂಬುದನ್ನು ಸಾಯುವ ಮುನ್ನ ನನ್ನೊಬ್ಬಳೆದುರು ಆಡಿದಳು.

ಸಾಕು, ಬರೆದದ್ದನ್ನು ಟ್ರಂಕಿನಲ್ಲಿಡು. ಹಜರಾಬಿ ಇರುವವರೆಗೆ ಹೊರಗೆ ತೆಗೆಯಬೇಡ. ಅವಳಿಗೀಗ ಕಣ್ಣು ಕಾಣುವುದಿಲ್ಲ. ಒಲೆಯ ಬಳಿ ರೊಟ್ಟಿ ಕಟ್ಟಿಟ್ಟಿದ್ದೇನೆ, ಬಿಸಿ ಇರುವಾಗಲೇ ಕೊಟ್ಟು ಬಾ. ಅವಳು ಅಣ್ಣನ ಮಾತು ತೆಗೆದರೆ, ಸೊಂಟದ ಬೇನೆಯಿಂದ ಹೋದ ಎನ್ನು.