ಅತ್ತೆಯ ಹೆಸರಿನಲ್ಲಿ ಕೇಳಿದ್ದು

ಸಂತೇಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಅಳತೆ ಕೊಡಲು ತೋಳೆತ್ತಿ ನಿಂತ ಹೆಂಗಸರು ಮೈಮೇಲಿನ ಕಾಯಿಲೆಗಳನ್ನೆಲ್ಲ ಹೇಳಲು ಶುರುಮಾಡುತ್ತಾರೆ. ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. ಕಾಲು ಜೋಮು ಹಿಡಿದರೆ ಶುಗರ್ ನೋಡಿಸಿ, ಎದ್ದ ಕೂಡಲೇ ತಲೆ ಸುತ್ತಿದರೆ ಬಿಪಿ ನೋಡಿಸಿ, ಎದೆ ಉರಿದರೆ ಉಂಡ ತಕ್ಷಣ ಮಲಗಬೇಡಿ ಎಂದು ಟೇಪು ಸುತ್ತುತ್ತಲೇ ಉತ್ತರ ಕೊಡುತ್ತೇನೆ. "ನೀನು ಡಾಕ್ಟ್ರಾಗಬೇಕಿತ್ತು ಬಿಡವ್ವ" ಎಂದು ಯಾರಾದರೂ ಅಂದರೆ ಒಳಗೊಳಗೇ ಉಬ್ಬುತ್ತೇನೆ.

ನನ್ನದೇ ಒಂದು ಪ್ರಶ್ನೆಯನ್ನು ಮಾತ್ರ ಯಾರಲ್ಲೂ ಕೇಳಲಾಗಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಜಿನುಗುತ್ತಿತ್ತು. ಎರಡನೆಯ ಹೆರಿಗೆಯ ನಂತರ ಶುರುವಾದದ್ದು, ನಲವತ್ತು ದಾಟಿದ ಮೇಲೆ ಜಾಸ್ತಿಯಾಯಿತು. ಫೋನನ್ನೇ ಕೇಳೋಣವೆಂದರೆ ನನಗೆ ಅದರಲ್ಲಿ ಬರೆಯಲು ಬಾರದು, ಬಾಯಿಬಿಟ್ಟು ಕೇಳಬೇಕು. ಅದೋ, ಮನೆಮಂದಿಗೆಲ್ಲ ಕೇಳುವಂತೆ ಉತ್ತರ ಓದುತ್ತದೆ. ಒಳಗೆ ಗಂಡ, ಹಜಾರದಲ್ಲಿ ಅತ್ತೆ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಹೊಲಿದು ಮಿಕ್ಕ ಲೈನಿಂಗ್ ಬಟ್ಟೆಯನ್ನು ಮಡಚಿ ಇಟ್ಟುಕೊಳ್ಳುತ್ತಿದ್ದೆ. ಒಗೆದ ತುಂಡುಗಳನ್ನು ಹಿತ್ತಲಲ್ಲಿ ಒಣಹಾಕಿ, ಮೇಲೆ ಸೀರೆ ಹರವಿ ಮುಚ್ಚುತ್ತಿದ್ದೆ.

ಹೀಗಿರುವಾಗ ಸಾಸ್ವೆಹಳ್ಳಿಗೆ ಕೊಟ್ಟ ಬಸುರಿ ಮಗಳಿಗೆ ಏಳು ತಿಂಗಳು ತುಂಬಿತು, ಬೀಗರ ಮನೆಯಲ್ಲಿ ಸೀಮಂತದ ಕುಬುಸದ ಕಾರ್ಯ ಇಟ್ಟರು. ಹಸಿರು ಸೀರೆ, ಹಸಿರು ಕುಬುಸ ತವರಿನಿಂದ ಹೋಗಬೇಕು, ತಾಯಿ ಜೊತೆಗೆ ಕೂರಬೇಕು. ಕಂಬಳಿಯ ಮೇಲೆ ಕೂರಿಸಿಕೊಂಡು ಒಬ್ಬೊಬ್ಬರಿಂದಲೂ ಒಡಪು ಕಟ್ಟಿಸಿ ಗಂಡನ ಹೆಸರು ಹೇಳಿಸುತ್ತಾರೆ, ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಹಿಂದೆ ಹೊನ್ನಾಳಿಯ ಒಂದು ಮದುವೆಯಲ್ಲಿ ಇಂಥದೇ ನಗುವಿನಲ್ಲಿ ಸೀರೆ ನೆನೆದು, ಕುರ್ಚಿಯಿಂದ ಏಳಲಾಗದೆ ಛತ್ರ ಖಾಲಿಯಾಗುವವರೆಗೂ ಕೂತಿದ್ದೆ. ಅದು ನೆನಪಾದದ್ದೇ ಫೋನ್ ಎತ್ತಿಕೊಂಡೆ.

"ನಂಗೆ ಬರಾಕೆ ಆಗಲ್ಲ ಕಣವ್ವ, ಬ್ಲೌಸು ಭಾಳ ಅದಾವೆ" ಎಂದು ಮಗಳಿಗೆ ಫೋನಿನಲ್ಲಿ ಹೇಳಿದೆ.

ಅವಳು, "ಊರೋರ ಬ್ಲೌಸೇ ಹೆಚ್ಚಾತು ನಿಂಗೆ. ಆಯ್ತು, ಹೊಲ್ಕೊಂಡು ಇರು" ಎಂದು ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನವೇ ಚನ್ನಗಿರಿಗೆ ಹೋಗಿ ಒಬ್ಬ ಲೇಡಿ ಡಾಕ್ಟರ ಬಾಗಿಲಲ್ಲಿ ಕೂತೆ. ನಮ್ಮ ಕಡೆ ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನವರನ್ನೂ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸುವುದು ರೂಢಿ. ನಾನು ಒಳಗೆ ಹೋದಾಗ ಹಿಂದೆಯೇ ಬಂದು ಸ್ಟೂಲಿನ ಮೇಲೆ ಕೂತವಳು ನಮ್ಮ ಓಣಿಯವಳೇ. ಬಾಯಿ ಬೊಂಬಾಯಿ. "ಏನ್ ತೊಂದರೆ?" ಎಂದು ಡಾಕ್ಟರು ಕೇಳಿದರು. "ನಮ್ಮತ್ತೆಗೆ..." ಎಂದು ಶುರುಮಾಡಿದೆ! ಕೆಮ್ಮಿದರೆ, ನಕ್ಕರೆ ಎಂದು ನನ್ನದನ್ನೆಲ್ಲ ಅತ್ತೆಯ ತಲೆಗೆ ಕಟ್ಟಿದೆ. ವಯಸ್ಸಾದವರಿಗೆ ಏನಾದರೇನು, ಯಾರು ನಗುತ್ತಾರೆ ಎನ್ನಿಸಿತ್ತು.

"ಅವರನ್ನ ನೋಡದೆ ನಾನು ಹೇಳೋಕಾಗಲ್ಲಮ್ಮ, ಕರ್ಕೊಂಡು ಬನ್ನಿ" ಎಂದರು ಡಾಕ್ಟರು. ಸ್ಟೂಲಿನ ಮೇಲಿದ್ದವಳು ಲೊಚಗುಟ್ಟಿದಳು.

ಮಾರನೆಯ ಬೆಳಿಗ್ಗೆ ಅವಳೇ ನಮ್ಮ ಮನೆಗೆ ಬಂದಳು. ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಮುಂದೆ ಕುಕ್ಕರಿಸಿ, ಬೀದಿಗೆಲ್ಲ ಕೇಳುವಂತೆ, "ಯಾಕಜ್ಜಿ, ನೀರು ತಡೆಯಾಕೆ ಆಗಲ್ಲಂತೆ?" ಎಂದಳು. ನನ್ನ ಮಿಷಿನ್ನಿನ ದಾರ ತುಂಡಾಗಿತ್ತು. ಆದರೂ ತಲೆಯೆತ್ತದೆ ಬರಿದೇ ತುಳಿಯುತ್ತಿದ್ದೆ.

"ಹೂಂ ಕಣವ್ವ, ವಯಸ್ಸಾತಲ್ಲ. ಸೊಸಿ ತೋರಿಸ್ತೀನಿ ಅಂದಾಳೆ" ಎಂದರು ಅತ್ತೆ.

ಅವಳು ಹೋದ ಮೇಲೆ ನನ್ನ ಕೋಣೆಗೆ ಬಂದರು. ಬೈಯಲಿ, ಬೈದರೆ ಹಗುರಾಗುತ್ತೇನೆ ಅಂದುಕೊಂಡೆ. ಅವರು ಬೈಯಲಿಲ್ಲ. "ಸೀರೆ ಅಡಿಗೆ ಒಣಗಾಕೋದು ನಾನು ಕಂಡಿಲ್ಲೇನು? ನಾಳೆ ಹೋಗನ ನಡಿ" ಎಂದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಡಾಕ್ಟರ ಕೋಣೆಯಲ್ಲಿ ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಸ್ಟೂಲಿನ ಮೇಲೆ ಕೂತಿದ್ದವರನ್ನು ಎಬ್ಬಿಸಿದ್ದು. "ನೀನು ಒಂಚೂರು ಹೊರಗೆ ಕುಂದ್ರವ್ವ, ನಂಗೆ ನಾಚ್ಕಿ ಆಗತೈತೆ" ಎಂದರು. ಇಷ್ಟು ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ, "ಕಾಯಿಲೆ ನಂದಲ್ಲ ತಾಯಿ, ಇವಳದು. ನಂಗೆ ಮಂಡಿನೋವು ಬಿಟ್ರೆ ಏನೂ ಇಲ್ಲ" ಎಂದು ನನ್ನನ್ನು ಕುರ್ಚಿಗೆ ತಳ್ಳಿದರು.

ಡಾಕ್ಟರು ನಗಲಿಲ್ಲ. ಹೆರಿಗೆಯಲ್ಲಿ ಸಡಿಲವಾದ ಸ್ನಾಯುಗಳಿಂದ ಹೀಗಾಗುತ್ತದೆ, ಎಷ್ಟೋ ಹೆಂಗಸರಿಗೆ ಇದೆ, ಹೇಳುವವರು ಕಡಿಮೆ ಎಂದರು. ಪರೀಕ್ಷೆ ಮಾಡಿ, ಮೂತ್ರದಲ್ಲಿ ಸೋಂಕು ಇದೆಯೇ, ಶುಗರ್ ಇದೆಯೇ ನೋಡಿಸಿದರು. ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಕ್ಕೆ ಮಾತ್ರ ಗದರಿದರು. ಮೂತ್ರ ದಟ್ಟವಾಗಿ ಮೂತ್ರಕೋಶ ಕೆರಳಿ, ತೊಂದರೆ ಇನ್ನಷ್ಟು ಹೆಚ್ಚುತ್ತದಂತೆ. ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು, ಗ್ಯಾಸ್ ತಡೆಯುವಾಗ ಬಿಗಿಹಿಡಿಯುವ ಹಾಗೆ ಒಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡಬೇಕು, ಇದನ್ನು ದಿನವೂ ಮಾಡಬೇಕು. ಫಲ ಕಾಣಲು ಕೆಲವು ತಿಂಗಳಾದರೂ ಬೇಕು, ಆಗಲೂ ಕಡಿಮೆಯಾಗದಿದ್ದರೆ ಬೇರೆ ಚಿಕಿತ್ಸೆಗಳಿವೆ ಎಂದರು. ಇಷ್ಟು ಉತ್ತರಕ್ಕೆ ನಾನು ಇಷ್ಟು ವರ್ಷ ಕಾದಿದ್ದೆ.

ಕುಬುಸಕ್ಕೆ ಹೋದೆ. ಅಷ್ಟರಲ್ಲಿ ವಾಸಿಯೇನೂ ಆಗಿರಲಿಲ್ಲ, ದಪ್ಪ ಪ್ಯಾಡ್ ಇಟ್ಟುಕೊಂಡು ಹೋದೆ. ಮಗಳು ಬಂದು ಕಾಲಿಗೆ ಬಿದ್ದಳು, ಮುಖ ಕೊಟ್ಟು ಮಾತಾಡಲಿಲ್ಲ. ಕಂಬಳಿಯ ಮೇಲೆ ಅವಳ ಪಕ್ಕ ನಾನು, ನನ್ನ ಪಕ್ಕ ಅತ್ತೆ. ಒಡಪು ಶುರುವಾಗಿ, ಸರದಿ ಅತ್ತೆಗೆ ಬಂತು. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಮ್ಮ ಜೊತೆ ಟೆಂಪೋದಲ್ಲಿ ಬಂದಿದ್ದ ಆ ಓಣಿಯವಳು ಹಿಂದಿನಿಂದ, "ಅಜ್ಜಿನ ಭಾಳ ನಗಿಸಬ್ಯಾಡ್ರೇ, ಕಂಬಳಿ ಹಾಳಾದೀತು" ಎಂದಳು. ಗೊತ್ತಿದ್ದವರು ಗೊತ್ತಿಲ್ಲದವರ ಕಿವಿಯಲ್ಲಿ ಹೇಳಿದರು. ಇಡೀ ಹಜಾರ ಗೊಳ್ಳೆಂದು ನಕ್ಕಿತು.

ಅತ್ತೆ ತಲೆ ತಗ್ಗಿಸಿದರು. ಕೈಯಲ್ಲಿದ್ದ ಎಲೆಅಡಿಕೆಯನ್ನು ಕೆಳಗಿಟ್ಟರು. ಆಗಲೂ ನನ್ನ ಹೆಸರು ಹೇಳಲಿಲ್ಲ.

"ಅವರಿಗಲ್ಲ, ನಂಗೆ" ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ನಮ್ಮತ್ತೆಗೆ ಏನೂ ಇಲ್ಲ. ಕಾಯಿಲೆ ನಂದು. ಚನ್ನಗಿರಿ ಡಾಕ್ಟ್ರ ಹತ್ರ ನಾನೇ ಸುಳ್ಳು ಹೇಳಿದ್ದೆ. ಇಲ್ಲಿಗೆ ಬರಲ್ಲ ಅಂದಿದ್ದೂ ಅದಕ್ಕೇ."

ನಗು ನಿಂತಿತು. ಮುಖ ಎತ್ತಲಾಗದೆ ಕಂಬಳಿಯ ಅಂಚನ್ನೇ ನೋಡುತ್ತಾ ಕೂತೆ. ಮಗಳ ಬಳೆ ಸದ್ದಾಯಿತು, ಅವಳ ಕೈ ನನ್ನ ಕೈಮೇಲೆ ಬಂತು. "ಫೋನ್‌ನಾಗೇ ಹೇಳಾಕೆ ಏನಾಗಿತ್ತವ್ವ?" ಎಂದಳು.

ಯಾರೋ ಜಾಣೆ ಮುಂದಿನ ಒಡಪು ಎತ್ತಿದಳು. ಆ ಗಲಾಟೆಯ ನಡುವೆ ಮಗಳ ಅತ್ತೆ, ನಮ್ಮ ಬೀಗಿತ್ತಿ, ತಟ್ಟೆ ಸರಿಸುವ ನೆಪದಲ್ಲಿ ನನ್ನ ಹತ್ತಿರ ಬಂದು ಬಗ್ಗಿದರು. ಇದನ್ನೂ ಆಡಿಕೊಳ್ಳುತ್ತಾರೇನೋ ಎಂದು ಮುದುಡಿದೆ.

"ಚನ್ನಗಿರಿಯಾಗೆ ಎಲ್ಲಿ ಕೂರ್ತಾರ್ರೀ ಆ ಡಾಕ್ಟ್ರು?" ಎಂದು ಪಿಸುಗುಟ್ಟಿದರು.